ವಾರ್ಡಿನ ಆಸ್ಲರ್, ಮನೆಯ ಆಸ್ಲರ್

ವೈದ್ಯಕೀಯ ಓದುವ ನಮ್ಮ ಹುಡುಗ ಹುಡುಗಿಯರಿಗೆ ಕೆನಡಾ ಮೂಲದ ವೈದ್ಯ ವಿಲಿಯಂ ಆಸ್ಲರ್ ಎಂದರೆ ಬೆರಳ ತುದಿಯ ಒಂದು ಗಂಟು. ಹೃದಯದ ಕವಾಟಕ್ಕೆ ಸೋಂಕು ತಗುಲಿದ ಕೆಲವು ರೋಗಿಗಳ ಬೆರಳ ತುದಿಯಲ್ಲಿ ಚಿಕ್ಕದಾದ, ಕೆಂಪಗಿನ, ಮುಟ್ಟಿದರೆ ನೋಯುವ ಗಂಟುಗಳು ಏಳುತ್ತವೆ. ಅಂಗೈಯಲ್ಲಿ ಕಾಣಿಸುವ ನೋವಿಲ್ಲದ ಕಲೆಗಳಿಗೆ ಬೇರೊಬ್ಬರ ಹೆಸರಿದೆ. ನೋಯುವುದು ಆಸ್ಲರ್, ನೋಯದ್ದು ಜೇನ್‌ವೇ ಎಂದು ಬಾಯಿಪಾಠ ಮಾಡಿಕೊಂಡೇ ಎಲ್ಲರೂ ವೈವಾಕ್ಕೆ, ಅಂದರೆ ಮೌಖಿಕ ಪರೀಕ್ಷೆಗೆ, ಹೋಗುತ್ತಾರೆ. ಚಿಕ್ಕಂದಿನಲ್ಲಿ ಬಂದ ರುಮ್ಯಾಟಿಕ್ ಜ್ವರ ಕವಾಟವನ್ನು ಕೆಡಿಸಿ, ಹದಿನೈದು ಇಪ್ಪತ್ತು ವರ್ಷಗಳ ಮೇಲೆ ಜ್ವರ, ಏದುಸಿರು ಎಂದು ಆಸ್ಪತ್ರೆಗೆ ಬರುವವರು ನಮ್ಮ ಸರ್ಕಾರಿ ವಾರ್ಡುಗಳಲ್ಲಿ ಇನ್ನೂ ಇರುವುದರಿಂದ, ಈ ಹೆಸರು ನಮ್ಮಲ್ಲಿ ಬರಿಯ ಪುಸ್ತಕದ ಹೆಸರಾಗಿ ಉಳಿದಿಲ್ಲ. ಈ ರೋಗದ ಬಗ್ಗೆ ಆಸ್ಲರ್ 1885ರಲ್ಲಿ ಲಂಡನ್ನಿನಲ್ಲಿ ಉಪನ್ಯಾಸಗಳನ್ನು ಕೊಟ್ಟಿದ್ದರು. ಆಗ ಅದಕ್ಕೆ ಔಷಧವಿರಲಿಲ್ಲ, ರೋಗ ಗುರುತಿಸಿದ ವೈದ್ಯರು ರೋಗಿಯ ಸಾವನ್ನು ಕಾಯುವುದಷ್ಟೇ ಉಳಿಯುತ್ತಿತ್ತು.

ವೈದ್ಯರ ದಿನಾಚರಣೆ ಬಂದರೆ ವಾಟ್ಸಾಪ್ ಗುಂಪುಗಳಲ್ಲಿ ಅವರ ನುಡಿಮುತ್ತುಗಳು ಓಡಾಡುತ್ತವೆ. ಅವುಗಳಲ್ಲಿ ಎಷ್ಟು ಅವರವು, ಎಷ್ಟು ಬೇರೆಯವರವು ಎಂದು ಯಾರೂ ವಿಚಾರಿಸುವುದಿಲ್ಲ. ನನ್ನ ಕುತೂಹಲ ಬೇರೆ ಕಡೆಗಿದೆ. 1889ರ ಮೇ 1ರಂದು, ಫಿಲಡೆಲ್ಫಿಯಾದ ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದಿಂದ ಬೀಳ್ಕೊಳ್ಳುತ್ತ, ಆಸ್ಲರ್ ಹೊಸ ವೈದ್ಯರಿಗೆ ಒಂದು ಭಾಷಣ ಮಾಡಿದರು. ವೈದ್ಯನಿಗೆ ಎಲ್ಲಕ್ಕಿಂತ ಮುಖ್ಯವಾದ ಗುಣ ಅಲುಗಾಡದಿರುವುದು, ಎಂಥ ಅಪಾಯದಲ್ಲೂ ಮುಖದ ಗೆರೆ ಬದಲಾಗದಂತೆ ನಡೆದುಕೊಳ್ಳುವುದು, ಅದಕ್ಕೆ ತಳಹದಿಯಾಗಿ ಮನಸ್ಸಿನೊಳಗೆ ಸಮಚಿತ್ತವನ್ನು ಬೆಳೆಸಿಕೊಳ್ಳುವುದು ಎಂಬುದು ಅದರ ತಿರುಳು. ಇಂದಿಗೂ ವೈದ್ಯಕೀಯ ಕಾಲೇಜುಗಳಲ್ಲಿ ಆ ಭಾಷಣವನ್ನು ಓದಿಸುವವರಿದ್ದಾರೆ. ಅದನ್ನು ಮಾಡಿದಾಗ ಅವರಿಗೆ 39 ವರ್ಷ. ಮದುವೆಯಾಗಿರಲಿಲ್ಲ, ಸಂಸಾರದ ತಾಪತ್ರಯವೊಂದೂ ಇರಲಿಲ್ಲ. ಹೆಂಡತಿ ಮಕ್ಕಳಿಲ್ಲದ ಮನುಷ್ಯ ಸಮಚಿತ್ತದ ಬಗ್ಗೆ ಮಾತಾಡುವುದು ಎಷ್ಟಾದರೂ ಸುಲಭ. ಆಮೇಲೆ ಹೆಂಡತಿ ಬಂದರು, ಮಕ್ಕಳು ಹುಟ್ಟಿದರು, ಇಬ್ಬರೂ ಮಕ್ಕಳು ಅವರ ಕಣ್ಣ ಮುಂದೆಯೇ ಹೋದರು. ಆ ಉಪದೇಶದಲ್ಲಿ ಆಗ ಏನು ಉಳಿಯಿತು ಎಂಬುದನ್ನು ನೋಡಬೇಕೆಂದೇ ನಾನು ಅವರ ಬದುಕನ್ನು ಓದತೊಡಗಿದೆ.

ಆಸ್ಲರ್ ಹುಟ್ಟಿದ್ದು 1849ರ ಜುಲೈ 12ರಂದು, ಕೆನಡಾದ ಈಗಿನ ಒಂಟಾರಿಯೊ ಪ್ರಾಂತದ ಬಾಂಡ್ ಹೆಡ್ ಎಂಬಲ್ಲಿ. ತಂದೆ ಪಾದ್ರಿ, ಮಕ್ಕಳು ತುಂಬಿದ ಮನೆ, ಗಂಡುಮಕ್ಕಳಲ್ಲಿ ಇವರೇ ಕಿರಿಯರು. ತಂದೆಯಂತೆ ತಾವೂ ಪಾದ್ರಿಯಾಗಬೇಕೆಂದು ಹೊರಟವರನ್ನು ಶಾಲೆಯ ಗುರುವೊಬ್ಬರ ಸೂಕ್ಷ್ಮದರ್ಶಕ ಬೇರೆ ದಾರಿಗೆ ತಿರುಗಿಸಿತು. 1872ರಲ್ಲಿ ಮಾಂಟ್ರಿಯಲ್‌ನ ಮೆಕ್‌ಗಿಲ್ ವಿಶ್ವವಿದ್ಯಾಲಯದಿಂದ ವೈದ್ಯ ಪದವಿ ಪಡೆದು, ಯುರೋಪಿನಲ್ಲಿ ಎರಡು ವರ್ಷ ಸುತ್ತಿ, ಲಂಡನ್ನಿನ ಪ್ರಯೋಗಾಲಯದಲ್ಲಿ ರಕ್ತದ ಪ್ಲೇಟ್‌ಲೆಟ್ ಕಣಗಳನ್ನು ಗಮನಿಸಿ ಬರೆದು, 1874ರಲ್ಲಿ ಮೆಕ್‌ಗಿಲ್‌ಗೇ ಅಧ್ಯಾಪಕರಾಗಿ ಮರಳಿದರು. ಅಲ್ಲಿನ ಆಸ್ಪತ್ರೆಯ ಸಿಡುಬಿನ ವಾರ್ಡನ್ನು ಯಾರೂ ಬಯಸದಿದ್ದಾಗ ಇವರು ವಹಿಸಿಕೊಂಡರು, ತಮಗೂ ಸಿಡುಬು ಅಂಟಿಸಿಕೊಂಡರು, ಅದು ಹಗುರವಾಗಿ ಬಂದು ಹೋದದ್ದರಿಂದ ಬದುಕಿದರು. ಆ ವಾರ್ಡಿನ ಕೆಲಸಕ್ಕೆ ಸಿಕ್ಕ ಹಣವನ್ನು ವಿದ್ಯಾರ್ಥಿಗಳಿಗೆ ಸೂಕ್ಷ್ಮದರ್ಶಕಗಳನ್ನು ಕೊಳ್ಳಲು ಖರ್ಚು ಮಾಡಿದರು. ಮಾಂಟ್ರಿಯಲ್‌ನಲ್ಲಿದ್ದ ಹತ್ತು ವರ್ಷಗಳಲ್ಲಿ ಅವರು ನೂರಾರು ಮರಣೋತ್ತರ ಪರೀಕ್ಷೆಗಳನ್ನು ತಮ್ಮ ಕೈಯಿಂದಲೇ ಮಾಡಿದರು. ಬದುಕಿದ್ದಾಗ ತಾನೇನು ಹೇಳಿದ್ದೆ, ಒಳಗೆ ನಿಜವಾಗಿ ಏನಿತ್ತು ಎಂದು ಹೋಲಿಸಿ ನೋಡುವ ಈ ಅಭ್ಯಾಸ ಅವರನ್ನು ಕಡೆಯವರೆಗೂ ಬಿಡಲಿಲ್ಲ.

1889ರಲ್ಲಿ ಬಾಲ್ಟಿಮೋರಿನಲ್ಲಿ ಜಾನ್ಸ್ ಹಾಪ್ಕಿನ್ಸ್ ಆಸ್ಪತ್ರೆ ತೆರೆದಾಗ ಅಲ್ಲಿನ ಮುಖ್ಯ ವೈದ್ಯರಾಗಿ ಹೋದರು. ಅದರ ವೈದ್ಯಕೀಯ ಶಾಲೆ 1893ರಲ್ಲಿ ಶುರುವಾಯಿತು. ನಮ್ಮಲ್ಲಿ ಈಗ ಮೂರನೇ ವರ್ಷದ ವಿದ್ಯಾರ್ಥಿ ಬಿಳಿ ಕೋಟು ಹಾಕಿಕೊಂಡು ವಾರ್ಡಿಗೆ ಹೋಗಿ, ಹಾಸಿಗೆಯ ಪಕ್ಕ ನಿಂತು ರೋಗಿಯ ಕಥೆ ಕೇಳಿ, ಕೇಸ್ ಬರೆದು, ರೌಂಡ್ಸ್‌ನಲ್ಲಿ ಒಪ್ಪಿಸುತ್ತಾನೆ. ಆ ಕಾಲದ ಅಮೆರಿಕದಲ್ಲಿ ಹೆಚ್ಚಿನ ವಿದ್ಯಾರ್ಥಿಗಳು ದೊಡ್ಡ ಸಭಾಂಗಣದ ಬೆಂಚಿನ ಮೇಲೆ ಕೂತು, ದೂರದಲ್ಲಿ ಮಲಗಿಸಿದ ರೋಗಿಯನ್ನು ನೋಡಿ ವೈದ್ಯರಾಗುತ್ತಿದ್ದರು. ರೋಗಿಯ ನಾಡಿ ಹಿಡಿಯದೆಯೇ ಪದವಿ ಪಡೆಯಲು ಸಾಧ್ಯವಿತ್ತು. ಬ್ರಿಟನ್ನಿನಲ್ಲಿ ಮೊದಲೇ ಇದ್ದ ಹಾಸಿಗೆ ಬದಿಯ ಪಾಠವನ್ನು ಆಸ್ಲರ್ ಅಮೆರಿಕದ ವ್ಯವಸ್ಥೆಯೊಳಗೆ ಗಟ್ಟಿಯಾಗಿ ಕೂರಿಸಿದರು. ವಿದ್ಯಾರ್ಥಿಗಳಿಗೆ ವಾರ್ಡಿನಲ್ಲಿ ಪಾಠ ಹೇಳಿದವನು ಎನ್ನುವುದಕ್ಕಿಂತ ಬೇರೆ ಸಮಾಧಿ ಲೇಖ ತಮಗೆ ಬೇಡ ಎಂದು ಅವರೇ ಹೇಳಿಕೊಂಡದ್ದುಂಟು. ಈ ಒಂದು ವಿಷಯದಲ್ಲಿ ಅವರ ಆತ್ಮಪ್ರಶಂಸೆಯನ್ನು ನಾನು ಪೂರ್ತಿ ಒಪ್ಪುತ್ತೇನೆ.

ಅವರ ಮದುವೆಯ ಕಥೆಯೂ ಪುಸ್ತಕದ ಕಥೆಯೂ ಹೆಣೆದುಕೊಂಡಿವೆ. ಫಿಲಡೆಲ್ಫಿಯಾದಲ್ಲಿದ್ದಾಗ ಸ್ಯಾಮ್ಯುಯೆಲ್ ಗ್ರಾಸ್ ಎಂಬ ಶಸ್ತ್ರವೈದ್ಯರ ಮನೆ ಆಸ್ಲರ್ ಅವರಿಗೆ ಹೋಗಿ ಬರುವ ಮನೆಯಾಗಿತ್ತು. 1889ರಲ್ಲಿ ಗ್ರಾಸ್ ತೀರಿಕೊಂಡರು. ಅವರ ಪತ್ನಿ ಗ್ರೇಸ್ ರೆವೀರ್, ಅಮೆರಿಕದ ಕ್ರಾಂತಿಯ ಕಾಲದ ಪಾಲ್ ರೆವೀರ್ ವಂಶದವರು. ಮದುವೆಯ ಮಾತು ಬಂದಾಗ, ಕೈಯಲ್ಲಿರುವ ಪಠ್ಯಪುಸ್ತಕ ಮುಗಿಯಲಿ, ಆಮೇಲೆ ನೋಡೋಣ ಎಂದು ಗ್ರೇಸ್ ಹೇಳಿದ್ದರಂತೆ. 1892ರಲ್ಲಿ ‘ಪ್ರಿನ್ಸಿಪಲ್ಸ್ ಅಂಡ್ ಪ್ರಾಕ್ಟೀಸ್ ಆಫ್ ಮೆಡಿಸಿನ್’ ಅಚ್ಚಾಗಿ ಬಂದಾಗ ಆಸ್ಲರ್ ಅದನ್ನು ತಂದು ಅವರ ಮಡಿಲಿಗೆ ಹಾಕಿ, ಪುಸ್ತಕವಂತೂ ಆಯಿತು, ಬರೆದವನನ್ನು ಏನು ಮಾಡುತ್ತೀ ಎಂದು ಕೇಳಿದರೆಂದು ಹೇಳುತ್ತಾರೆ. ಅದೇ ವರ್ಷ ಮೇ 7ರಂದು ಮದುವೆಯಾಯಿತು. ಆ ಪುಸ್ತಕ ದಶಕಗಳ ಕಾಲ ಇಂಗ್ಲಿಷ್ ಓದುವ ವೈದ್ಯಲೋಕವನ್ನು ಆಳಿತು. ಯಾವ ರೋಗಕ್ಕೆ ನಮ್ಮಲ್ಲಿ ನಿಜವಾದ ಮದ್ದಿಲ್ಲ ಎಂಬುದನ್ನು ಮುಚ್ಚುಮರೆಯಿಲ್ಲದೆ ಹೇಳಿದ ಪುಸ್ತಕ ಅದು. ಅಮೆರಿಕದ ಆಗರ್ಭ ಶ್ರೀಮಂತ ರಾಕ್‌ಫೆಲರ್ ಅವರ ಸಲಹೆಗಾರರಾಗಿದ್ದ ಫ್ರೆಡರಿಕ್ ಗೇಟ್ಸ್ 1897ರಲ್ಲಿ ಅದನ್ನು ಓದಿ, ವೈದ್ಯರಿಗೆ ಗೊತ್ತಿರುವುದು ಇಷ್ಟು ಕಡಿಮೆಯೇ ಎಂದು ಬೆರಗಾದದ್ದೇ 1901ರಲ್ಲಿ ರಾಕ್‌ಫೆಲರ್ ವೈದ್ಯಕೀಯ ಸಂಶೋಧನಾ ಸಂಸ್ಥೆ ಹುಟ್ಟಲು ಕಾರಣವಾಯಿತು.

ಮೊದಲ ಮಗು 1893ರಲ್ಲಿ ಹುಟ್ಟಿತು. ಪಾಲ್ ರೆವೀರ್ ಎಂದು ಹೆಸರಿಟ್ಟ ಆ ಗಂಡುಮಗು ಒಂದು ವಾರ ಮಾತ್ರ ಬದುಕಿತು. ಆಮೇಲೆ ಆಸ್ಲರ್ ಮಾಡಿದ ಒಂದು ಕೆಲಸ, ಅವರ ಎಲ್ಲ ಭಾಷಣಗಳಿಗಿಂತ ನನ್ನನ್ನು ಹೆಚ್ಚು ಕಾಡಿದೆ. ತೀರಿಕೊಂಡ ಮಗು ಸ್ವರ್ಗದಿಂದ ತಾಯಿಗೆ ಬರೆದಂತೆ ಅವರೇ ಒಂದು ಪತ್ರ ಬರೆದು ಗ್ರೇಸ್ ಅವರಿಗೆ ಕೊಟ್ಟರು. ಚೆನ್ನಾಗಿ ನಡೆದುಕೊಂಡರೆ, ಹಾಡುವುದನ್ನು ಸರಿಯಾಗಿ ಕಲಿತರೆ, ಭೂಮಿಯ ಮೇಲಿನ ಅಪ್ಪ ಅಮ್ಮ ತಮ್ಮನ್ನು ಮರೆಯದಿದ್ದರೆ, ಆಗಾಗ ಮನೆಗೆ ಪತ್ರ ಬರೆಯಲು ಇಲ್ಲಿ ಬಿಡುತ್ತಾರೆ ಎಂದು ಮಗು ಅದರಲ್ಲಿ ತಿಳಿಸುತ್ತದೆ. ಪತ್ರದಲ್ಲಿ ತಮಾಷೆಯಿದೆ, ಅದೇ ಓದುವವರಿಗೆ ಸಂಕಟ ತರುತ್ತದೆ. ಮುಖದ ಗೆರೆ ಬದಲಾಗಬಾರದು ಎಂದಿದ್ದ ಪ್ರೊಫೆಸರ್, ನಾಲ್ಕು ವರ್ಷ ಕಳೆಯುವಷ್ಟರಲ್ಲಿ ಒಂದು ವಾರದ ಶಿಶುವಿನ ದನಿಯಲ್ಲಿ ಹೆಂಡತಿಯನ್ನು ಸಂತೈಸುವವರಾಗಿದ್ದರು. ಇದು ಸಮಚಿತ್ತವೇ ಎಂದು ಕೇಳಿದರೆ ನಾನು ಅಲ್ಲ ಎಂದೇ ಹೇಳುತ್ತೇನೆ. ಮುಖ ಗಟ್ಟಿ ಮಾಡಿಕೊಂಡು ವಾರ್ಡಿಗೆ ಹೋಗಿಬಿಡುವುದು ಅವರಿಗೆ ಗೊತ್ತಿದ್ದ ವಿದ್ಯೆ. ಇಲ್ಲಿ ಅವರು ಅದನ್ನು ಬದಿಗಿಟ್ಟು, ಸತ್ತ ಮಗುವಿನ ಬಗ್ಗೆ ಮಾತಾಡಲು ಹೆಂಡತಿಗೊಂದು ದಾರಿ ಮಾಡಿಕೊಟ್ಟರು.

ಎರಡನೆಯ ಮಗ ಎಡ್ವರ್ಡ್ ರೆವೀರ್ ಹುಟ್ಟಿದ್ದು 1895ರ ಡಿಸೆಂಬರ್ 28ರಂದು, ತಂದೆಗೆ 46 ವರ್ಷವಾಗಿದ್ದಾಗ. ಬಾಲ್ಟಿಮೋರಿನ ವೆಸ್ಟ್ ಫ್ರಾಂಕ್ಲಿನ್ ಬೀದಿಯ ಅವರ ಮನೆ ವಿದ್ಯಾರ್ಥಿಗಳಿಗೆ ಸದಾ ತೆರೆದಿರುತ್ತಿತ್ತು. ಪಕ್ಕದ ಮನೆಯಲ್ಲಿದ್ದ ಕೆಲವು ಕಿರಿಯ ವೈದ್ಯರಿಗಂತೂ ಬಾಗಿಲಿನ ಬೀಗದ ಕೈಯನ್ನೇ ಕೊಟ್ಟಿದ್ದರು. ಬೇಕಾದಾಗ ಬಂದು ಗ್ರಂಥಾಲಯದಲ್ಲಿ ಓದಬಹುದಿತ್ತು, ಚಹಾಕ್ಕೆ ಕೂರಬಹುದಿತ್ತು, ಪುಟ್ಟ ರೆವೀರ್ ಜೊತೆ ಆಡಬಹುದಿತ್ತು. ಹೀಗೆ ಬೀಗದ ಕೈ ಸಿಕ್ಕವರಲ್ಲಿ ಹಾರ್ವೇ ಕುಶಿಂಗ್ ಒಬ್ಬರು. ಮಿದುಳಿನ ಶಸ್ತ್ರಚಿಕಿತ್ಸೆಗೆ ತಳಪಾಯ ಹಾಕಿದವರೆಂದು ಲೋಕ ಅವರನ್ನು ಆಮೇಲೆ ಗುರುತಿಸಿತು. ಈ ಕಥೆಯಲ್ಲಿ ಅವರು ಮತ್ತೆ ಬರುತ್ತಾರೆ. ಇಂಥ ತೆರೆದ ಮನೆಯ ಹೊರೆ ಯಾರ ಮೇಲೆ ಬೀಳುತ್ತದೆ ಎಂಬುದನ್ನು ಅತಿಥಿಗಳು ಬರೆಯುವುದಿಲ್ಲ. ಎಷ್ಟು ಜನಕ್ಕೆ ಊಟ, ಯಾರು ರಾತ್ರಿ ಉಳಿಯುತ್ತಾರೆ, ಯಾವ ಹುಡುಗನಿಗೆ ಊರಿನ ನೆನಪು ಕಾಡುತ್ತಿದೆ ಎಂಬ ಲೆಕ್ಕವೆಲ್ಲ ಗ್ರೇಸ್ ಅವರ ತಲೆಯಲ್ಲಿತ್ತು.

ಬಾಲ್ಟಿಮೋರಿನ ಕೊನೆಯ ವರ್ಷಗಳಲ್ಲಿ ರೋಗಿಗಳು, ಪಾಠ, ಪತ್ರ, ಪ್ರಯಾಣ ಎಲ್ಲ ಸೇರಿ ಆಸ್ಲರ್ ಹಣ್ಣಾಗಿದ್ದರು. 1904ರಲ್ಲಿ ಆಕ್ಸ್‌ಫರ್ಡಿನ ರೀಜಿಯಸ್ ಪ್ರೊಫೆಸರ್ ಎಂಬ, ಅರಸರು ನೇಮಿಸುವ ಹುದ್ದೆಯ ಕರೆ ಬಂದಾಗ ಅವರು ಇಂಗ್ಲೆಂಡಿನಲ್ಲಿದ್ದರು. ತಡಮಾಡಬೇಡಿ, ಕೂಡಲೇ ಒಪ್ಪಿಕೊಳ್ಳಿ ಎಂದು ಗ್ರೇಸ್ ತಂತಿ ಕಳುಹಿಸಿದರು. ಗಂಡ ಬದುಕಿ ಉಳಿಯಬೇಕಾದರೆ ಈ ಊರು ಬಿಡಬೇಕೆಂದು ಆಕೆಗೆ ಖಚಿತವಾಗಿತ್ತು. ಹೊರಡುವ ಮುನ್ನ, 1905ರ ಫೆಬ್ರವರಿ 22ರಂದು ಮಾಡಿದ ವಿದಾಯ ಭಾಷಣದಲ್ಲಿ ಆಸ್ಲರ್ ನಾಲಗೆ ಸಡಿಲ ಬಿಟ್ಟರು. ಜಗತ್ತಿನ ದೊಡ್ಡ ಕೆಲಸಗಳೆಲ್ಲ 40ರ ಒಳಗಿನವರಿಂದ ಆದವು, 60 ದಾಟಿದವರಿಂದ ಉಪಯೋಗವಿಲ್ಲ ಎಂದು ಹೇಳಿ, ಹಳೆಯ ಕಾದಂಬರಿಯೊಂದರ ನೆಪದಲ್ಲಿ ಮುದುಕರಿಗೆ ಕ್ಲೋರೋಫಾರ್ಮ್ ಕೊಡುವ ತಮಾಷೆ ಮಾಡಿದರು. ಮರುದಿನ ಪತ್ರಿಕೆಗಳು ಅದನ್ನು ಶಿಫಾರಸು ಎಂದೇ ಅಚ್ಚು ಹಾಕಿದವು. ಮುದುಕರನ್ನು ಮುಗಿಸುವುದಕ್ಕೆ ಅವರ ಹೆಸರಿನಿಂದಲೇ ಒಂದು ಕ್ರಿಯಾಪದ ಹುಟ್ಟಿಕೊಂಡಿತು. ಆಗ ಕೆನಡಾದಲ್ಲಿ ಅವರ ತಾಯಿ 98 ವರ್ಷದವರಾಗಿ ಗಟ್ಟಿಮುಟ್ಟಾಗಿದ್ದರು. ನೂರು ತುಂಬಿಸಿಕೊಂಡೇ ಹೋದರು.

ಆಕ್ಸ್‌ಫರ್ಡಿನ ನಾರ್ಹಮ್ ಗಾರ್ಡನ್ಸ್ ಬೀದಿಯ 13ನೇ ಸಂಖ್ಯೆಯ ಮನೆಯೂ ಬಾಲ್ಟಿಮೋರಿನ ಮನೆಯಂತೆಯೇ ಜನರಿಂದ ತುಂಬಿತು; ತೆರೆದ ತೋಳುಗಳ ಮನೆ ಎಂದೇ ಹೆಸರಾಯಿತು. ಇಲ್ಲಿಯ ಒಂದು ಪ್ರಸಂಗವನ್ನು ಸ್ವತಃ ವೈದ್ಯರಾದವರೊಬ್ಬರು ತಮ್ಮ ಬಾಲ್ಯದ ನೆನಪಾಗಿ ಬರೆದಿಟ್ಟಿದ್ದಾರೆ. ಅವರ ಪುಟ್ಟ ತಮ್ಮನಿಗೆ ನಾಯಿಕೆಮ್ಮು ಬಲವಾಗಿ, ಎದೆಯಲ್ಲಿ ಕಫ ಕಟ್ಟಿ, ತಂದೆ ತಾಯಿ ಏನು ಕೊಟ್ಟರೂ ತಿನ್ನದೆ ಸೊರಗಿದ್ದ. ಪದವಿ ಸಮಾರಂಭಕ್ಕೆ ಹೊರಟಿದ್ದ ಆಸ್ಲರ್ ಕೆಂಪು ನಿಲುವಂಗಿಯಲ್ಲೇ ಬಂದರು. ಹುಡುಗನ ಕಣ್ಣಿಗೆ ಅದು ರಾಜನ ಉಡುಪು. ಬೇಗ ಬೇಗ ಪರೀಕ್ಷೆ ಮುಗಿಸಿ, ಪಕ್ಕದಲ್ಲಿ ಕೂತು, ಒಂದು ಪೀಚ್ ಹಣ್ಣಿನ ಸಿಪ್ಪೆ ಸುಲಿದು, ಹೋಳು ಮಾಡಿ, ಸಕ್ಕರೆ ಹಚ್ಚಿ, ಇದು ಎಲ್ಲರಿಗೂ ಸಿಗುವ ಹಣ್ಣಲ್ಲ ಎಂಬಂತೆ ಒಂದೊಂದೇ ಹೋಳನ್ನು ಬಾಯಿಗಿಟ್ಟರು. ಹುಡುಗ ತಿಂದ. ಹೊರಗೆ ಬಂದು ತಂದೆಗೆ ಹೆಚ್ಚು ಆಸೆ ಇಟ್ಟುಕೊಳ್ಳಬೇಡಿ ಎಂದರು. ಆದರೂ ವಾರಗಟ್ಟಲೆ ದಿನವೂ ಬಂದು, ಕೋಣೆಯ ಬಾಗಿಲ ಹೊರಗೆ ಆ ನಿಲುವಂಗಿ ತೊಟ್ಟುಕೊಂಡು ಒಳಗೆ ಹೋಗಿ ತಾವೇ ತಿನ್ನಿಸಿದರು. ಹುಡುಗ ಉಳಿದ. ಇದನ್ನು ಓದಿದಾಗ ನನಗೆ ಹೊಳೆದದ್ದು ಅವರ ಕರುಣೆಗಿಂತ ಅವರ ಲೆಕ್ಕಾಚಾರ. ಮದ್ದಿಲ್ಲದ ಕಾಯಿಲೆಯಲ್ಲಿ ಮಗು ತಿನ್ನುವುದೊಂದೇ ಚಿಕಿತ್ಸೆ ಎಂದು ಅವರಿಗೆ ತಿಳಿದಿತ್ತು, ಮಗು ಯಾರ ಕೈಯಿಂದ ತಿನ್ನುತ್ತದೆ ಎಂಬುದೂ ತಿಳಿದಿತ್ತು.

ಇಷ್ಟು ಹೊಗಳಿದ ಮೇಲೆ ಭಾರತೀಯ ಓದುಗರಿಗೆ ಹೇಳಲೇಬೇಕಾದ ಒಂದು ಸಂಗತಿಯಿದೆ. 1914ರಲ್ಲಿ, ಕೋಮಗಾಟ ಮಾರು ಹಡಗು 376 ಜನರನ್ನು, ಬಹುಪಾಲು ಪಂಜಾಬಿಗಳನ್ನು, ಹೊತ್ತು ವ್ಯಾಂಕೋವರ್ ಬಂದರಿನಲ್ಲಿ ನಿಂತು ಕೊನೆಗೆ ವಾಪಸು ಕಳುಹಿಸಲ್ಪಟ್ಟ ಆ ವರ್ಷ, ಲಂಡನ್ನಿನಲ್ಲಿ ಕೆನಡಾದವರ ಕೂಟವೊಂದರಲ್ಲಿ ಮಾತಾಡುತ್ತ ಆಸ್ಲರ್ ಕೆನಡಾವನ್ನು ಬಿಳಿಯರ ನಾಡಾಗಿಯೇ ಇಟ್ಟುಕೊಳ್ಳಬೇಕಾಗಿದೆ ಎಂಬ ಅರ್ಥದ ಮಾತುಗಳನ್ನಾಡಿದರು. ಆ ಕಾಲವೇ ಹಾಗಿತ್ತು ಎಂದು ಅವರ ಅಭಿಮಾನಿಗಳು ಹೇಳುತ್ತಾರೆ. ಆ ಕಾಲದಲ್ಲೂ ಹಾಗೆ ಯೋಚಿಸದವರಿದ್ದರು ಎಂಬುದು ನನ್ನ ಉತ್ತರ. ಹಾಸಿಗೆಯ ಮೇಲಿದ್ದ ಒಬ್ಬೊಬ್ಬ ರೋಗಿಯನ್ನೂ ಅಷ್ಟು ಹತ್ತಿರದಿಂದ ನೋಡಿದ ಕಣ್ಣು, ಹಡಗಿನಲ್ಲಿದ್ದವರನ್ನು ಗುಂಪಾಗಿ ಮಾತ್ರ ಕಂಡಿತು. ಅವರ ಹೆಸರಿನ ಗಂಟನ್ನು ನಮ್ಮ ರೋಗಿಗಳ ಬೆರಳಲ್ಲಿ ತೋರಿಸುವಾಗ ಈ ಮಾತೂ ನನ್ನ ತಲೆಯಲ್ಲಿರುತ್ತದೆ.

ರೆವೀರ್ ಓದಿನಲ್ಲಿ ಚುರುಕಾಗಿರಲಿಲ್ಲ; ಗಾಳ ಹಾಕಿ ಮೀನು ಹಿಡಿಯುವುದು, ಚಿತ್ರ ಬರೆಯುವುದು ಅವನಿಗೆ ಪ್ರಿಯ. ಅಷ್ಟು ಹೆಸರಾಂತ ತಂದೆ ಮಗನ ಅಂಕಗಳಿಗಾಗಿ ತಲೆಬಿಸಿ ಮಾಡಿಕೊಂಡದ್ದೇನೋ ನಿಜ, ಆದರೆ ಅವನ ಜೊತೆ ಮೀನು ಹಿಡಿಯಲು ಹೋಗುವುದನ್ನು ಬಿಡಲಿಲ್ಲ. ಬರಬರುತ್ತ ಮಗನಿಗೂ ಹಳೆಯ ಇಂಗ್ಲಿಷ್ ಪುಸ್ತಕಗಳ ಹುಚ್ಚು ಹತ್ತಿತು. ತಂದೆ ಮಗ ಒಟ್ಟಿಗೆ ಕೂತು ಪುಸ್ತಕ ವ್ಯಾಪಾರಿಗಳ ಪಟ್ಟಿಗಳನ್ನು ನೋಡುವಂತಾಯಿತು. ಅಷ್ಟರಲ್ಲಿ ಯುದ್ಧ ಬಂತು. ರೆವೀರ್ ಮೊದಲು ಮೆಕ್‌ಗಿಲ್‌ನವರ ಸೇನಾ ಆಸ್ಪತ್ರೆಯಲ್ಲಿದ್ದು, ಆಮೇಲೆ ತಾನಾಗಿ ಫಿರಂಗಿ ದಳ ಸೇರಿದ. 1917ರ ಆಗಸ್ಟ್ 29ರಂದು ಬೆಲ್ಜಿಯಂನ ಈಪ್ರ್ ರಣರಂಗದಲ್ಲಿ ಶೆಲ್ ಸಿಡಿದು ಎದೆ, ಹೊಟ್ಟೆ, ತೊಡೆಗಳಿಗೆ ಗಾಯವಾಯಿತು. ಸಮೀಪದ ಸೇನಾ ಚಿಕಿತ್ಸಾ ಕೇಂದ್ರಕ್ಕೆ ಅವನನ್ನು ತಂದಾಗ, ಹತ್ತಿರದ ಇನ್ನೊಂದು ಕೇಂದ್ರದಲ್ಲಿ ಕೆಲಸ ಮಾಡುತ್ತಿದ್ದ ಹಾರ್ವೇ ಕುಶಿಂಗ್‌ಗೆ ಸುದ್ದಿ ಹೋಗಿ, ಅವರು ರಾತ್ರಿಯೇ ಹೊರಟು ಬಂದರು. ಅಮೆರಿಕದ ಹೆಸರಾಂತ ಶಸ್ತ್ರವೈದ್ಯರು, ತಂದೆಯನ್ನು ಬಲ್ಲವರು, ಅಲ್ಲಿ ಸೇರಿ ರಕ್ತ ಕೊಟ್ಟರು, ಹೊಟ್ಟೆ ತೆರೆದು ಪ್ರಯತ್ನಿಸಿದರು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿದಿತ್ತು. ಅವನಿಗೆ 21 ವರ್ಷ. ಹಿಂದೆ ಬಾಲ್ಟಿಮೋರಿನಲ್ಲಿ ಬೀಗದ ಕೈ ಹಿಡಿದು ಮನೆಗೆ ಬರುತ್ತಿದ್ದವರೇ ಈಗ ಆ ಮಗುವಿನ ಮಣ್ಣಿಗೂ ನಿಂತರು.

ಆಸ್ಲರ್ ಹಗಲು ಎಂದಿನಂತೆ ಇದ್ದರು. ಆಸ್ಪತ್ರೆಗಳಿಗೆ ಹೋದರು, ಪತ್ರಗಳಿಗೆ ಉತ್ತರ ಬರೆದರು, ಮನೆಗೆ ಬಂದ ಸೈನಿಕರೊಂದಿಗೆ ನಗುತ್ತ ಮಾತಾಡಿದರು. ರಾತ್ರಿ ಅವರು ಬಿಕ್ಕುತ್ತಿದ್ದುದನ್ನು ಮನೆಯಲ್ಲಿದ್ದವರು ಕೇಳಿಸಿಕೊಂಡಿದ್ದಾರೆ. 1889ರ ಭಾಷಣ ಅವರ ಹಗಲುಗಳಿಗೆ ಸಾಕಾಯಿತು, ರಾತ್ರಿಗಳಿಗೆ ಸಾಕಾಗಲಿಲ್ಲ. ಅದನ್ನು ಓದಿಸುವ ಅಧ್ಯಾಪಕರು ಈ ಅರ್ಧವನ್ನೂ ಹೇಳಬೇಕೆಂಬುದು ನನ್ನ ತಕರಾರು. ಮರುವರ್ಷದ ಶರತ್ಕಾಲದಲ್ಲಿ, ಉಳಿಯುವ ಭರವಸೆಯಿಲ್ಲದ ಪುಟ್ಟ ಹುಡುಗಿಯೊಬ್ಬಳನ್ನು ನೋಡಲು ಅವರು ತಪ್ಪದೆ ಹೋಗುತ್ತಿದ್ದರೆಂದು ಅವಳ ತಾಯಿ ಬರೆದಿದ್ದಾರೆ. ಒಂದು ದಿನ ಕೋಟಿನ ಒಳಜೇಬಿನಿಂದ ಕಾಗದದಲ್ಲಿ ಸುತ್ತಿದ ಕೆಂಪು ಗುಲಾಬಿಯೊಂದನ್ನು ತೆಗೆದು, ತೋಟದಲ್ಲಿ ಉಳಿದಿದ್ದ ಕೊನೆಯ ಹೂವು ಇದು, ನಿನ್ನನ್ನು ನೋಡಬೇಕೆಂದು ದಾರಿಯಲ್ಲಿ ನನ್ನನ್ನು ಕೂಗಿ ಕರೆಯಿತು ಎಂದು ಕೊಟ್ಟರಂತೆ. ಸತ್ತ ಶಿಶುವಿನ ಕೈಯಿಂದ ಪತ್ರ ಬರೆಸಿದ ಅದೇ ಮನಸ್ಸು ಇಲ್ಲಿಯೂ ಕೆಲಸ ಮಾಡಿದೆ ಎಂದು ನನಗನ್ನಿಸುತ್ತದೆ.

1919ರ ಕೊನೆಯಲ್ಲಿ ಜ್ವರ, ಕೆಮ್ಮು ಶುರುವಾಗಿ ನ್ಯುಮೋನಿಯಾಕ್ಕೆ ತಿರುಗಿತು. ಎದೆಗೂಡಿನಲ್ಲಿ ಕೀವು ತುಂಬಿತು. ತಮ್ಮ ಪಠ್ಯಪುಸ್ತಕದಲ್ಲಿ ಮೃತ್ಯುವಿನ ಸೇನಾಪತಿ ಎಂದು ಕರೆದಿದ್ದ ಕಾಯಿಲೆ. ಈ ಕೇಸನ್ನು ಎರಡು ತಿಂಗಳಿನಿಂದ ಗಮನಿಸುತ್ತ ಬಂದಿದ್ದೇನೆ, ಮರಣೋತ್ತರ ಪರೀಕ್ಷೆ ನೋಡಲಾಗುವುದಿಲ್ಲವಲ್ಲ ಎಂದು ಅವರು ಬೇಸರಪಟ್ಟರೆಂಬ ಮಾತಿದೆ. ಡಿಸೆಂಬರ್ 29ರಂದು, 70ನೇ ವಯಸ್ಸಿನಲ್ಲಿ, ರೆವೀರ್ ಹುಟ್ಟುಹಬ್ಬದ ಮರುದಿನ, ತೀರಿಕೊಂಡರು.

ನಮ್ಮ ಹೌಸ್ ಸರ್ಜನ್‌ಗಳಿಗೆ ಈಗ ನಾನು ಆ ಭಾಷಣವನ್ನೂ ಮಗುವಿನ ಪತ್ರವನ್ನೂ ಒಟ್ಟಿಗೇ ಓದಲು ಕೊಡುತ್ತೇನೆ. ಅವರಿಂದ ಬರುವ ಪ್ರಶ್ನೆಗಳಲ್ಲಿ ಹೆಚ್ಚಿನವು ಗ್ರೇಸ್ ಅವರ ಬಗ್ಗೆ. ಆಕೆ ಆಮೇಲೆ ಏನು ಮಾಡಿದರು ಎಂದು. ಆಕೆ ಇನ್ನೂ ಎಂಟು ವರ್ಷಕ್ಕೂ ಹೆಚ್ಚು ಕಾಲ ಅದೇ ಮನೆಯಲ್ಲಿ ಬದುಕಿದರು. ಮಗನ ಪುಸ್ತಕಗಳು, ಅವನ ನೆನಪಿಗೆಂದು ದಂಪತಿಗಳು ಜಾನ್ಸ್ ಹಾಪ್ಕಿನ್ಸ್‌ನಲ್ಲಿ ಸ್ಥಾಪಿಸಿದ್ದ ಟ್ಯೂಡರ್ ಅಂಡ್ ಸ್ಟುವರ್ಟ್ ಕ್ಲಬ್ ಎಂಬ ಸಾಹಿತ್ಯ ಕೂಟಕ್ಕೆ ಸೇರಿದವು. ಗಂಡನ ಜೀವನಚರಿತ್ರೆ ಬರೆಯಲು ಕುಶಿಂಗ್ ಅವರನ್ನು ಕೇಳಿಕೊಂಡವರು ಅವರೇ. ಅದು 1925ರಲ್ಲಿ ಎರಡು ಸಂಪುಟಗಳಲ್ಲಿ ಬಂದು, ಮರುವರ್ಷ ಪುಲಿಟ್ಜರ್ ಪ್ರಶಸ್ತಿ ಪಡೆಯಿತು. ಆಸ್ಲರ್ ಮೆಕ್‌ಗಿಲ್‌ಗೆ ಬರೆದುಕೊಟ್ಟಿದ್ದ ವೈದ್ಯಕೀಯ ಇತಿಹಾಸದ ಸಾವಿರಾರು ಪುಸ್ತಕಗಳ ಪಟ್ಟಿ ಮಾಡುವ ಕೆಲಸ ಆ ಮನೆಯಲ್ಲೇ ವರ್ಷಗಟ್ಟಲೆ ನಡೆಯಿತು; ಪಟ್ಟಿ ತಯಾರಿಸುವವರ ಮೇಜಿಗೂ ಊಟಕ್ಕೂ ಗ್ರೇಸ್ ಜಾಗ ಮಾಡಿಕೊಟ್ಟರು. 1928ರಲ್ಲಿ ಆಕೆ ತೀರಿಕೊಂಡರು, ಮರುವರ್ಷ ಪಟ್ಟಿ ಅಚ್ಚಾಗಿ ಪುಸ್ತಕಗಳು ಮಾಂಟ್ರಿಯಲ್‌ಗೆ ಹೋದವು. ಗಂಡ ಹೆಂಡತಿ ಇಬ್ಬರ ಚಿತಾಭಸ್ಮವೂ ಅಲ್ಲಿಯ ಆಸ್ಲರ್ ಗ್ರಂಥಾಲಯದಲ್ಲಿದೆ.